ಅಪ್ಪನ ಜಾವಾಕ್ಕೆ ಬಳಿದ ಬಣ್ಣ

ಹೊಸ ಪುಸ್ತಕ ಬಂದರೆ ವಿಮರ್ಶೆ ಬರೆಯುತ್ತಾರೆ, ಸಿನಿಮಾ ಬಂದರೆ ಬರೆಯುತ್ತಾರೆ, ನಾಟಕ ಕಂಪನಿಯೊಂದು ಊರಿಗೆ ಬಂದು ಹೋದರೂ ನಾಲ್ಕು ಸಾಲು ಬರೆಯುವವರಿದ್ದಾರೆ. ಒಂದು ರಿಪೇರಿಯ ಮೇಲೆ ಯಾರಾದರೂ ವಿಮರ್ಶೆ ಬರೆದದ್ದನ್ನು ನಾನು ಓದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಮಕ್ಕಳ ಪ್ರಬಂಧಗಳ ಮೇಲೆ ಕೆಂಪು ಶಾಯಿ ಸುರಿದವಳು ನಾನು; ಮೋಟರ್ ಸೈಕಲ್ಲಿನ ಗೊಡವೆ ನಿನಗೇಕೆ ಎಂದು ನೀವು ಕೇಳಬಹುದು. ಆದರೆ ಕಳೆದ ಎರಡು ವರ್ಷಗಳಲ್ಲಿ ನಮ್ಮ ಮನೆಯೊಳಗೆ ಒಂದು ಗಾಡಿಯ ಸಲುವಾಗಿ ನಡೆದಷ್ಟು ಮಾತುಕತೆ, ಮುನಿಸು, ಖರ್ಚು ನನ್ನ ಮದುವೆಯ ಸಲುವಾಗಿಯೂ ನಡೆದಿರಲಿಲ್ಲ. ಆದ್ದರಿಂದ ಬರೆಯಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ಗಾಡಿ ಹತ್ತಿಕುಣಿಗೆ ಬಂದದ್ದು 2023ರ ಯುಗಾದಿಯ ಹಿಂದಿನ ದಿನ, ಲಾರಿಯಲ್ಲಿ. ತಮ್ಮ ಬೆಂಗಳೂರಿನಿಂದ ಮುಂಚೆಯೇ ಬಂದು ಕಾದಿದ್ದ. ಹೊದಿಸಿದ್ದ ತಾಡಪತ್ರಿ ತೆಗೆದಾಗ ಓಣಿಯ ಹುಡುಗರೆಲ್ಲ ಒಮ್ಮೆಗೇ ‘ಹೋ’ ಎಂದರು. ಕುಂಕುಮಕ್ಕಿಂತ ಒಂದಿಷ್ಟು ಕಪ್ಪಾದ ಆ ಕೆಂಪು, ಟ್ಯಾಂಕಿನ ಎರಡೂ ಮಗ್ಗುಲಿಗೆ ಕನ್ನಡಿಯಂಥ ಕ್ರೋಮು, ಅದರಂಚಿಗೆ ಬಂಗಾರದ ಬಣ್ಣದ ಎಳೆ. ಹದಿನೈದು ವರ್ಷ ದನದ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮಂಚವಾಗಿದ್ದ ಗಾಡಿ ಇದೇನಾ ಎಂದು ನನಗೇ ಅನುಮಾನ ಬಂತು. ತಮ್ಮ ಅವ್ವನನ್ನು ಕೈಹಿಡಿದು ಕರೆತಂದ. ಅವಳಿಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಅವಳು ಬಣ್ಣ ನೋಡಲಿಲ್ಲ. ಟ್ಯಾಂಕಿನ ಬಲ ಮಗ್ಗುಲಿಗೆ, ಮೊಣಕಾಲು ತಾಗುವ ಜಾಗದ ಮೇಲೆ ಅಂಗೈ ಇಟ್ಟು ಹಿಂದೆ ಮುಂದೆ ಸವರಿದಳು. ‘ಎಲ್ಲಿ ಹೋತು?’ ಅಂದಳು. ‘ಏನವ್ವಾ?’ ಎಂದ ತಮ್ಮ. ‘ಏನಿಲ್ಲ ಬಿಡಪಾ.’ ಒಳಗೆ ಬಂದ ಮೇಲೆ ನನ್ನೊಬ್ಬಳಿಗೇ ಕೇಳುವಂತೆ ಹೇಳಿದಳು: ‘ಇದು ನಿಮ್ಮಪ್ಪನ ಗಾಡಿ ಅಲ್ಲ ತಗಿಯವ್ವಾ. ಅದರ ಅಂಗಿ ತೊಟ್ಟು ಬ್ಯಾರೆ ಯಾರೋ ಬಂದಾರ.’

ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಬರೆಯಲಾರೆ. ಮುಂದಿನದೆಲ್ಲ ಅದರ ಟಿಪ್ಪಣಿ ಎಂದು ಓದಿಕೊಳ್ಳಿ.

ಜಾವಾ ಎಂಬ ಹೆಸರು ಝೆಕ್ ದೇಶದ್ದು. ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಕಂಪನಿಯ ಮೋಟರ್ ಸೈಕಲ್ ಕೆಲಸವನ್ನು ಕೊಂಡಾಗ ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ಮಾಡಿದ್ದು. ನಮ್ಮ ನಾಡಿಗೆ ಅದು ಬಂದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ. 1961ರಿಂದ ಅಲ್ಲಿ ಗಾಡಿ ತಯಾರಾಗತೊಡಗಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಾರ್ಖಾನೆ ಇದ್ದದ್ದು ಮೈಸೂರಿನ ಯಾದವಗಿರಿಯಲ್ಲಿ. ನಮ್ಮ ಯಾದಗಿರಿಯನ್ನೂ ಹಿರಿಯರು ಯಾದವಗಿರಿ ಎಂದೇ ಕರೆಯುತ್ತಿದ್ದರು. ‘ಒಂದು ಯಾದವಗಿರಿಯ ಮಗಳು ಇನ್ನೊಂದು ಯಾದವಗಿರಿಗೆ ಸೊಸಿಯಾಗಿ ಬಂದಾಳ’ ಎಂದು ಅಪ್ಪ ಗಾಡಿಯನ್ನು ತೋರಿಸಿ ನಗುತ್ತಿದ್ದ. 1977ರಲ್ಲಿ ಗುಲಬರ್ಗಾದಿಂದ ಸೆಕೆಂಡ್ ಹ್ಯಾಂಡ್ ತಂದ ಗಾಡಿ ಅದು. ಪ್ರಾಥಮಿಕ ಶಾಲೆಯ ಮಾಸ್ತರನಿಗೆ ಅದೇ ವಿಮಾನ. ಊರವರ ಬಾಯಲ್ಲಿ ಅದು ಫಟಫಟಿ.

ವಿಚಿತ್ರ ಗಾಡಿ ಅದು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರು. ಎಣ್ಣೆಗೆ ಬೇರೆ ಮನೆಯಿಲ್ಲ. ಪೆಟ್ರೋಲಿನಲ್ಲೇ, ಲೀಟರಿಗೆ ಸುಮಾರು 40 ಮಿಲಿ ಲೆಕ್ಕದಲ್ಲಿ ಬೆರೆಸಬೇಕು. ಇನ್ನು ನೀರಿನ ಮಾತೇ ಇಲ್ಲ. ಎಂಜಿನ್ನನ್ನು ತಣಿಸುವುದು ಎದುರಿಗೆ ಬೀಸುವ ಗಾಳಿ ಮಾತ್ರ. 2018ರಲ್ಲಿ ಅದೇ ಹೆಸರಿನಿಂದ ಮತ್ತೆ ಮಾರುಕಟ್ಟೆಗೆ ಬಂದ ಹೊಸ ಜಾವಾದ ಮುಂದುಗಡೆ ರೇಡಿಯೇಟರ್ ಇದೆ, ಅದು ನೀರು ಕುಡಿಯುವ ಗಾಡಿ. ಆಕಾರ ಹಳೆಯದು, ಜೀವ ಹೊಸದು ಎಂದು ಮಾರುವವರೇ ಹೇಳಿ ಮಾರಿದರು, ಅದರಲ್ಲಿ ಮೋಸವಿಲ್ಲ. ನನ್ನ ತಕರಾರು ಬೇರೆ.

ಯುಗಾದಿ ಮುಗಿದ ಮೂರನೆಯ ದಿನ ತಮ್ಮ ನನ್ನನ್ನು ಹಿಂದೆ ಕೂರಿಸಿಕೊಂಡು ಯಾದಗಿರಿಗೆ ಹೊರಟ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿದೆ. ಹನ್ನೊಂದು ಗಂಟೆಗೇ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತದೆ. ಅರ್ಧ ದಾರಿಯಲ್ಲಿ ಗಾಡಿಯ ದನಿ ಒಣಗಿತು, ನಿಂತಿತು. ಬೇವಿನ ಗಿಡದ ಕೆಳಗೆ ಅರ್ಧ ತಾಸು ಕೂತೆವು. ಮತ್ತೆ ಚಾಲೂ ಆಯಿತು, ಮತ್ತೆ ನಿಂತಿತು. ಮೂರನೆಯ ಸಲ ಅದು ನಿಲ್ಲಲಿಲ್ಲ. ಒಳಗೆ ಪಿಸ್ಟನ್ ಹಿಡಿದುಕೊಂಡಿತು. ಹಿಂದಿನ ಗಾಲಿ ಕಲ್ಲಾಯಿತು. ಗಾಡಿ ಅಡ್ಡ ಜಾರಿತು, ನಾವು ಮಣ್ಣಿನ ಬದಿಗೆ ಬಿದ್ದೆವು. ನನಗೆ ಸೀರೆ ಹರಿದದ್ದಷ್ಟೇ. ತಮ್ಮನ ಮೊಣಕಾಲಿಗೆ ಆರು ಹೊಲಿಗೆ. ಹಿಂದೆ ಬರುತ್ತಿದ್ದ ಜೋಳದ ಲಾರಿಯ ಡ್ರೈವರ್ ಬ್ರೇಕು ಹಾಕದಿದ್ದರೆ ಈ ಪ್ರಬಂಧ ನಿಮ್ಮ ಕೈಗೆ ಬರುತ್ತಿರಲಿಲ್ಲ.

ಅವನು ಆ ಗಾಡಿಯ ಮೇಲೆ 1,80,000 ರೂಪಾಯಿ ಸುರಿದಿದ್ದ. ದೂರದ ಒಂದು ಊರಿನಲ್ಲಿ ಹಳೆಯ ಗಾಡಿಗಳನ್ನು ಹೊಸದು ಮಾಡಿಕೊಡುವ ವರ್ಕ್‌ಶಾಪು. ಎರಡು ವರ್ಷ ಇಟ್ಟುಕೊಂಡು, ಕೊನೆಗೆ ಗಾಡಿಯ ಜೊತೆಗೆ ಚಂದದ ಆಲ್ಬಂ ಒಂದನ್ನೂ ಕೊಟ್ಟಿದ್ದರು. ಎಡ ಪುಟದಲ್ಲಿ ‘ಮೊದಲು’, ಬಲ ಪುಟದಲ್ಲಿ ‘ಆಮೇಲೆ’. ಆಸ್ಪತ್ರೆಯಲ್ಲಿ ತಮ್ಮನ ಹಾಸಿಗೆಯ ಪಕ್ಕ ಕೂತು ಆ ಆಲ್ಬಮ್ಮನ್ನು ನಾನು ಉತ್ತರಪತ್ರಿಕೆಯ ಹಾಗೆ ತಿರುವಿದೆ. ನಲವತ್ತು ಚಿತ್ರಗಳಿದ್ದವು. ನಡುವಿನ ಚಿತ್ರ, ಎಂಜಿನ್ ಬಿಚ್ಚಿ ಹರಡಿದ್ದು, ಬಣ್ಣ ಕೆರೆದ ಬರಿಯ ತಗಡು, ಒಂದೂ ಇರಲಿಲ್ಲ. ಲೆಕ್ಕದಲ್ಲಿ ಹಂತ ಬರೆಯದೆ ಉತ್ತರ ಮಾತ್ರ ಬರೆದ ಹುಡುಗನನ್ನು ಯಾವ ಟೀಚರೂ ನಂಬುವುದಿಲ್ಲ.

ಯಾದಗಿರಿಯ ಹಿರಿಯ ಮಿಸ್ತ್ರಿಯೊಬ್ಬರು ಗಾಡಿಯನ್ನು ನೋಡಲು ಒಪ್ಪಿದರು. ಎಪ್ಪತ್ತರ ಆಸುಪಾಸು, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟವರು. ಅಪ್ಪನ ಕಾಲದಲ್ಲಿ ಈ ಗಾಡಿಯ ಬೋಲ್ಟು ಬೋಲ್ಟನ್ನೂ ಬಲ್ಲವರು. ಅವರು ಬಣ್ಣಕ್ಕೆ ಕಣ್ಣೆತ್ತಲಿಲ್ಲ. ಮೊದಲು ಪ್ಲಗ್ಗು ಬಿಚ್ಚಿ ಅಂಗೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. ‘ನೋಡ್ರಿ ಅಕ್ಕೋರೆ, ಇದರ ಬಾಯಿ ಓದ್ರಿ’ ಎಂದರು. ಎಂಜಿನ್ ಸುಖವಾಗಿದ್ದರೆ ಪ್ಲಗ್ಗಿನ ತುದಿ ಹುರಿದ ಗೋದಿಯ ಕಂದು ಬಣ್ಣಕ್ಕಿರುತ್ತದಂತೆ. ಪೆಟ್ರೋಲು ಹೆಚ್ಚಾದರೆ ಮಸಿಗಪ್ಪು. ಪೆಟ್ರೋಲು ಸಾಲದೆ ಗಾಳಿ ಹೆಚ್ಚಾಗಿ, ಬೆಂಕಿ ಜೋರಾಗಿ ಉರಿದರೆ ಬಿಳಿ. ನಮ್ಮದು ಸುಣ್ಣದ ಹಾಗಿತ್ತು.

ಆಮೇಲೆ ಒಂದೊಂದೇ ಹೊರಬಂತು. ಕ್ರ್ಯಾಂಕಿನ ಬದಿಯ ರಬ್ಬರಿನ ಸೀಲುಗಳು ಅಪ್ಪನ ಕಾಲದವೇ, ಗಟ್ಟಿಯಾಗಿ ಒಡೆದಿದ್ದವು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು–ಗಾಳಿಯ ಮಿಶ್ರಣ ಕ್ರ್ಯಾಂಕಿನ ಮನೆಯ ಮೂಲಕವೇ ಮೇಲೆ ಹೋಗಬೇಕು. ಡೈನಮೋ ಬದಿಯ ಸೀಲು ಸೋರಿದರೆ ಅಲ್ಲಿಂದ ಕಳ್ಳಗಾಳಿ ನುಗ್ಗಿ ಮಿಶ್ರಣ ತೆಳ್ಳಗಾಗುತ್ತದೆ, ಎಂಜಿನ್ ಕಾಯುತ್ತದೆ. ಸೀಲಿನ ಬೆಲೆ ಕೆಲವು ನೂರು ರೂಪಾಯಿ. ಅದು ಕಾಣುವುದಿಲ್ಲವಲ್ಲ, ಬದಲಿಸಲಿಲ್ಲ. ಟ್ಯಾಂಕಿನ ಹೊರಗೆ ಕನ್ನಡಿ, ಒಳಗೆ ತುಕ್ಕಿನ ಹಪ್ಪಳ. ಆ ಹಪ್ಪಳದ ಚೂರು ಕಾರ್ಬುರೇಟರಿನ ಜೆಟ್ಟಿಗೆ ಅಡ್ಡ ಕೂತು ಇದ್ದ ಪೆಟ್ರೋಲನ್ನೂ ತಡೆದಿತ್ತು. ಬ್ಲಾಕನ್ನು ಹೊಸದಾಗಿ ಬೋರು ಮಾಡಿಸಿ ಹೊಸ ಪಿಸ್ಟನ್ ಹಾಕಿದ್ದರು ನಿಜ, ಆದರೆ ನಡುವೆ ಬಿಡಬೇಕಾದ ಸಂದು ಬಿಟ್ಟಿರಲಿಲ್ಲ. ಬ್ಲಾಕು ಬೀಡು, ಪಿಸ್ಟನ್ ಅಲ್ಯುಮಿನಿಯಂ. ಕಾದರೆ ಅಲ್ಯುಮಿನಿಯಂ ಹೆಚ್ಚು ಹಿಗ್ಗುತ್ತದೆ. ಹೊಸ ಬಳೆ ತೊಡಿಸುವಾಗ ಬಳೆಗಾರ ಕೈಯ ಅಳತೆ ನೋಡುವಷ್ಟು ಜಾಣ್ಮೆಯನ್ನೂ ಇಲ್ಲಿ ಯಾರೂ ತೋರಿಸಿರಲಿಲ್ಲ. ಎಲ್ಲಕ್ಕಿಂತ ಮಿಸ್ತ್ರಿಗೆ ಸಿಟ್ಟು ಬರಿಸಿದ್ದು ಕ್ರ್ಯಾಂಕಿನ ಮನೆಯ ತಳದಲ್ಲಿ ಸಿಕ್ಕ ಮರಳು. ಹೊರಮೈ ಬೆಳ್ಳಗಾಗಲೆಂದು ಮರಳಿನ ಗಾಳಿ ಹೊಡೆಸಿದ್ದರು. ತೂತುಗಳನ್ನು ಮುಚ್ಚದೆ ಹೊಡೆಸಿದ್ದರು. ಬೇರಿಂಗು ಆ ಮರಳನ್ನು ಅರೆದು ತಿನ್ನುತ್ತಿತ್ತು. ‘ಮಕ್ಕಳ ಬಾಯಾಗ ಮಣ್ಣು ಹಾಕಿ ಮಾರಿ ತೊಳದಾರ್ರಿ’ ಎಂದರು.

ಇನ್ನು ಬ್ಲಾಕಿನ ಹೊರಗೆ ಒಂದರ ಮೇಲೊಂದು ಇರುವ ತೆಳು ಪಟ್ಟಿಗಳು. ಫಿನ್ನು ಎನ್ನುತ್ತಾರೆ. ಬಾಣಲೆಯಲ್ಲಿ ಹಪ್ಪಳ ಹರಡಿದಷ್ಟೂ ಬೇಗ ಬೇಯುವ ಹಾಗೆ, ಮೈ ಹರಡಿದಷ್ಟೂ ಶಾಖವನ್ನು ಗಾಳಿಗೆ ಬೇಗ ಬಿಡಲಿ ಎಂದು ಅವನ್ನು ಮಾಡಿದ್ದಾರೆ. ಅಪ್ಪನ ಕಾಲದಲ್ಲಿ ಅವು ಒರಟು ಕಪ್ಪು. ಅವುಗಳ ನಡುವಿನ ಧೂಳನ್ನು ಅಪ್ಪ ಪ್ರತಿ ಭಾನುವಾರ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯುತ್ತಿದ್ದ. ಆಗ ನಮಗದು ಮಾಸ್ತರನ ಹುಚ್ಚು ಎನಿಸುತ್ತಿತ್ತು. ಈಗ ಆ ಪಟ್ಟಿಗಳ ಮೇಲೆ ಬೆಳ್ಳಿ ಬಣ್ಣ ಮೂರು ಸಲ, ಅದರ ಮೇಲೆ ವಾರ್ನಿಷ್. ಸಂದುಗಳೇ ಅರ್ಧ ತುಂಬಿದ್ದವು. ಚಂದ ಕಾಣುತ್ತಿತ್ತು, ಸುಳ್ಳೇಕೆ. ಆದರೆ ಮೇ ತಿಂಗಳ ಯಾದಗಿರಿಯಲ್ಲಿ ಎಂಜಿನ್ನಿಗೆ ಕಂಬಳಿ ಹೊದಿಸಿದ ಹಾಗೆ. ನಮ್ಮಲ್ಲಿ ಗಾಳಿಯೇ ಕಾದಿರುತ್ತದೆ. ಆ ಗಾಳಿಯೂ ಮೈಗೆ ತಾಗದಿದ್ದರೆ ಎಂಜಿನ್ ಏನು ಮಾಡೀತು?

ಇದು ಜಾವಾ ಒಂದರ ಪಾಡಲ್ಲ. ಗಾಳಿಯಿಂದ ತಣಿಯುವ ಗಾಡಿಗಳಲ್ಲಿ ಜಗತ್ತಿಗೇ ಹೆಸರಾದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್, ಆಮೆಯಂಥ ಕಾರು. ಎರಡು ಕೋಟಿ ಹದಿನೈದು ಲಕ್ಷಕ್ಕೂ ಮಿಕ್ಕಿ ತಯಾರಾಗಿ, ಕೊನೆಯದು 2003ರಲ್ಲಿ ಮೆಕ್ಸಿಕೋದ ಪುಎಬ್ಲಾದಲ್ಲಿ ಹೊರಬಂತು. ಅದರ ಎಂಜಿನ್ ಹಿಂಬದಿಯಲ್ಲಿ, ತಗಡಿನ ಕವಚದೊಳಗೆ. ಒಂದು ಫ್ಯಾನು ಗಾಳಿ ಊದುತ್ತದೆ. ಕವಚದಂಚಿಗೆ ಒಂದು ರಬ್ಬರು ಪಟ್ಟಿ ಇರಬೇಕು, ಇಲ್ಲದಿದ್ದರೆ ಕೆಳಗೆ ಹೋದ ಬಿಸಿಗಾಳಿಯೇ ಮೇಲೆ ಬಂದು ಮತ್ತೆ ಒಳಗೆ ಹೋಗುತ್ತದೆ. ಅಂಥ ಕಾರುಗಳನ್ನು ಹೊಸದು ಮಾಡುವವರು ಮೊದಲು ಮರೆಯುವುದು ಆ ತಗಡು, ಆ ರಬ್ಬರನ್ನೇ ಎಂದು ತಮ್ಮ ಆಮೇಲೆ ಎಲ್ಲೋ ಓದಿ ನನಗೆ ಹೇಳಿದ. ಹೇಳುವಾಗ ಅವನ ಮುಖ ನೋಡಬೇಕಿತ್ತು.

ನಮ್ಮ ಮನೆಗಳಿಗೆ ಕಲಾಯಿ ಹಾಕುವವರು ಬರುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ತಾಮ್ರದ ಹಂಡೆಯನ್ನು ಆತ ಮೊದಲು ಬೆಂಕಿಗೆ ಹಿಡಿದು, ಉಜ್ಜಿ, ಕಿಲುಬೆಲ್ಲ ತೆಗೆದು, ನವಸಾಗರ ಹಾಕಿ, ಕೊನೆಯ ಒಂದು ಗಳಿಗೆಯಲ್ಲಿ ತವರ ಸವರುತ್ತಿದ್ದ. ಮುಕ್ಕಾಲು ಕೆಲಸ ತೊಳೆಯುವುದರದ್ದು. ಅವಸರದ ಕಲಾಯಿಯವನು ಕಿಲುಬಿನ ಮೇಲೆಯೇ ತವರ ಸವರಿ ಹೋದರೆ ಒಂದು ವಾರ ಬೆಳ್ಳಿ, ಆಮೇಲೆ ಹುಳಿಸಾರಿನಲ್ಲಿ ಹಸಿರು. ಆ ವರ್ಕ್‌ಶಾಪಿನವರು ಮಾಡಿದ್ದು ಅವಸರದ ಕಲಾಯಿ. ಅವರು ದುಷ್ಟರೆಂದು ನಾನು ಹೇಳಲಾರೆ. ಬಂಗಾರದ ಎಳೆಯನ್ನು ಯಾರೋ ಕೈಯಿಂದಲೇ ಎಳೆದಿದ್ದಾರೆ, ಒಂದು ಕಡೆಯೂ ನಡುಗಿಲ್ಲ. ಆ ಕೈಗೆ ನಾನು ನಮಸ್ಕಾರ ಹೇಳುತ್ತೇನೆ. ಕೆಂಪೂ ಹಳೆಯ ಕೆಂಪೇ. ಆದರೆ ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ಗಾಡಿಗಳ ದಿನವೆಂದು ಊರೂರಲ್ಲಿ ಸೇರುತ್ತಾರೆ, ಚಿತ್ರ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಸಾಲಾಗಿ ನಿಲ್ಲಿಸಿದ ಗಾಡಿಗೆ ಬೇಕಾದದ್ದನ್ನೆಲ್ಲ ಇವರು ಮಾಡಿದ್ದರು. ಹತ್ತಿಕುಣಿಯಿಂದ ಯಾದಗಿರಿಗೆ ಹೋಗಿ ಬರುವ ಗಾಡಿ ಬೇಕೆಂದು ತಮ್ಮ ಬಾಯಿಬಿಟ್ಟು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ತಪ್ಪಿನ ಒಂದು ಪಾಲು ನಮ್ಮದೂ ಹೌದು.

ಈಗ ಅವ್ವ ಅಂಗೈಯಿಂದ ಹುಡುಕಿದ ಜಾಗಕ್ಕೆ ಬರುತ್ತೇನೆ.

1986ರಲ್ಲಿ ನಾನು ಯಾದಗಿರಿಯಲ್ಲಿ ಪಿ.ಯು.ಸಿ. ಓದುತ್ತಿದ್ದೆ. ದೊಡ್ಡಪ್ಪನಿಗೆ ಅದು ಸರಿ ಬಂದಿರಲಿಲ್ಲ. ಎಸ್ಸೆಸ್ಸೆಲ್ಸಿ ಆಯ್ತಲ್ಲ, ಇನ್ನು ಸಾಕು, ಸುರಪುರದ ಕಡೆ ಒಂದು ವರ ಇದೆ ಎಂದು ದಿನಾ ಕಟ್ಟೆಗೆ ಬಂದು ಕೂರುತ್ತಿದ್ದ. ಆ ಬೇಸಿಗೆಯ ಒಂದು ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದಾಗ ನಾನು ಗಾಡಿಯನ್ನು ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ, ಲಂಗ ಎತ್ತಿ ಕಟ್ಟಿ, ಕಿಕ್ ಹೊಡೆದೆ. ಅಪ್ಪ ಹೊಡೆಯುವುದನ್ನು ಸಾವಿರ ಸಲ ನೋಡಿದ್ದೆನಲ್ಲ. ಡ್ಯಾಮಿನ ಕಡೆ ಹೋಗುವ ಕಚ್ಚಾ ರಸ್ತೆಯಲ್ಲಿ ಹೋದೆ. ಎಷ್ಟು ದೂರ ಹೋದೆನೋ, ಆ ಗಾಳಿ ಇಂದಿಗೂ ನನ್ನ ಮುಖದ ಮೇಲಿದೆ. ಕಾಲುವೆಯ ತಿರುವಿನಲ್ಲಿ ಬಿದ್ದೆ. ಟ್ಯಾಂಕಿನ ಬಲ ಮಗ್ಗುಲು ಕಲ್ಲಿಗೆ ಬಡಿದು ತೆಂಗಿನ ಚಿಪ್ಪಿನಷ್ಟು ಒಳಗೆ ಹೋಯಿತು. ನನ್ನ ಮೊಣಕೈ ಕಿತ್ತಿತ್ತು.

ಅಪ್ಪ ಬಯ್ಯಲಿಲ್ಲ. ಸಂಜೆ ಕಟ್ಟೆಗೆ ಬಂದ ದೊಡ್ಡಪ್ಪನ ಕಣ್ಣು ಟ್ಯಾಂಕಿನ ಮೇಲೆ ಬಿದ್ದಾಗ, ‘ಕಾಲುವಿ ಹತ್ರ ಬಿದ್ದೆ ಅಣ್ಣಾ’ ಎಂದುಬಿಟ್ಟ. ಸುಳ್ಳಿಗೆ ಸಾಕ್ಷಿ ಬೇಕಲ್ಲ. ಏನೂ ಆಗದ ತನ್ನ ತೋಳಿಗೆ ಅವ್ವನ ಹಳೆಯ ಸೀರೆಯ ಚೂರು ಕಟ್ಟಿಕೊಂಡು ಎರಡು ದಿನ ಶಾಲೆಗೆ ಹೋದ. ಅವ್ವ ಒಳಗೆ ನನ್ನ ಮೊಣಕೈಗೆ ಅರಿಶಿನ ಹಚ್ಚಿ ಉದ್ದ ತೋಳಿನ ರವಿಕೆ ತೊಡಿಸಿದಳು. ಮಾಸ್ತರನ ಮಗಳು ಫಟಫಟಿ ಹೊಡೆದು ಬಿದ್ದಳಂತೆ ಎಂದು ಊರಲ್ಲಿ ಹಬ್ಬಿದ್ದರೆ ಆ ತಿಂಗಳೇ ನನ್ನ ಕಾಲೇಜು ಮುಗಿಯುತ್ತಿತ್ತು. ಬಿ.ಎ. ಇಲ್ಲ, ಬಿ.ಎಡ್. ಇಲ್ಲ, ಕೆಂಪು ಶಾಯಿ ಇಲ್ಲ. ಆ ತಗ್ಗನ್ನು ಅಪ್ಪ ಕೊನೆಯವರೆಗೂ ಬಡಿಸಿ ಸರಿ ಮಾಡಿಸಲಿಲ್ಲ. 2004ರಲ್ಲಿ ಅಪ್ಪ ಹೋದ. ಎರಡು ವರ್ಷ ಅಂಗಳದಲ್ಲಿ ನಿಂತಿದ್ದ ಗಾಡಿ ಆಮೇಲೆ ಕೊಟ್ಟಿಗೆ ಸೇರಿತು, ಆ ತಗ್ಗಿನ ಸಮೇತ. ತಮ್ಮ ಆಗ ನಾಲ್ಕು ವರ್ಷದವನಿದ್ದ. ಅಪ್ಪ ಬಿದ್ದದ್ದೆಂದೇ ಅವನು ಇಂದಿಗೂ ತಿಳಿದಿದ್ದಾನೆ.

ಮಿಸ್ತ್ರಿ ಬಣ್ಣ ಕೆರೆದಾಗ ಬೆರಳಿನ ದಪ್ಪ ಪುಟ್ಟಿ ಚಕ್ಕೆಚಕ್ಕೆಯಾಗಿ ಉದುರಿತು. ತಗ್ಗು ಹಾಗೇ ಇತ್ತು. ‘ಇದನ್ನ ಹೊರಗ ಎಳೀಲೇನ್ರಿ ಅಕ್ಕೋರೆ?’ ಎಂದರು. ಬೇಡವೆಂದೆ.

ಹಾಗಾದರೆ ಹಳೆಯದೆಲ್ಲ ಹಾಗೇ ಇರಬೇಕೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅಪ್ಪನೇ ಹಿಂದಿನ ಮಡ್‌ಗಾರ್ಡನ್ನು ಬೇಲಿ ತಂತಿಯಿಂದ ಬಿಗಿದಿದ್ದ, ಸೀಟಿಗೆ ಗೋಣಿಚೀಲ ಹೊಲಿಸಿದ್ದ. ಅವೂ ಅಪ್ಪನ ಕೈಯವೇ. ತಂತಿಯನ್ನು ಉಳಿಸಿಕೊಳ್ಳಬೇಕೆಂದು ನನಗೆ ಅನಿಸಲಿಲ್ಲ. ಹಣವಿದ್ದಿದ್ದರೆ ಅಪ್ಪನೇ ಅದನ್ನು ತೆಗೆಸುತ್ತಿದ್ದ. ತಗ್ಗನ್ನು ತೆಗೆಸಲು ಹಣವಿದ್ದಾಗಲೂ ಅವನು ತೆಗೆಸಲಿಲ್ಲ. ನನ್ನ ಬಳಿ ಇರುವ ಅಳತೆಗೋಲು ಇಷ್ಟೇ, ಇದು ಎಲ್ಲ ಗಾಡಿಗೂ ನಡೆಯುತ್ತದೆಂಬ ಭರವಸೆ ಕೊಡಲಾರೆ.

ನಾನು ಬಿದ್ದ ಆ 1986ರಲ್ಲೇ, ನಮ್ಮಿಂದ ಬಹಳ ದೂರವಿಲ್ಲದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿಯಿತು. ದೇವಿಯ ಮೂರ್ತಿ ನಿಂತಿದ್ದ ಪೀಠದ ಕಲ್ಲು ಅಶೋಕನ ಶಾಸನವೆಂದು ಆಗ ತಿಳಿಯಿತು. ಮೂರ್ತಿಯನ್ನು ನಿಲ್ಲಿಸಲು ಹಿಂದೆ ಯಾರೋ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಪಾಠ ಮಾಡುವಾಗ ಆ ಕಲ್ಲಿನ ಚಿತ್ರವನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ತೂತು ಎದ್ದು ಕಾಣುತ್ತದೆ. ‘ಸಿಮೆಂಟು ತುಂಬಿದ್ರ ಚಂದ ಕಾಣ್ತಿತ್ತಲ್ರಿ ಟೀಚರ್’ ಎಂದು ಒಬ್ಬ ಹುಡುಗ ಹೇಳಿದ್ದ. ಚಂದ ಕಾಣುತ್ತಿತ್ತು ನಿಜ. ಎರಡು ಸಾವಿರ ವರ್ಷದಲ್ಲಿ ಆ ಕಲ್ಲು ಮಾಡಿದ ಇನ್ನೊಂದು ಕೆಲಸದ ಗುರುತು ಹೋಗುತ್ತಿತ್ತು.

ಗಾಡಿಯ ಕೆಲಸ ಈಗ ಬಹುಮಟ್ಟಿಗೆ ಮುಗಿದಿದೆ. ಸೀಲು, ಬೇರಿಂಗು ಹೊಸವು. ಬ್ಲಾಕಿಗೆ ಬೇಕಾದಷ್ಟು ಸಂದು ಬಿಡಿಸಿದ್ದಾಯಿತು. ಟ್ಯಾಂಕಿನೊಳಗೆ ಒಂದು ಹಿಡಿ ನಟ್ಟು ಹಾಕಿ, ಮಿಸ್ತ್ರಿಯ ಮೊಮ್ಮಗ ಅದನ್ನು ಅರ್ಧ ದಿನ ತೊಟ್ಟಿಲಂತೆ ತೂಗಿ, ತುಕ್ಕು ಉದುರಿಸಿ ಸೀಮೆಎಣ್ಣೆಯಲ್ಲಿ ತೊಳೆದ. ಫಿನ್ನುಗಳ ಬೆಳ್ಳಿಯೆಲ್ಲ ಹೋಗಿ, ತೆಳ್ಳಗೆ ಒಂದೇ ಸಲ ಕಪ್ಪು ಬಂದಿದೆ. ಈ ಏಪ್ರಿಲಿನ ಮಧ್ಯಾಹ್ನ ಮಿಸ್ತ್ರಿ ತಾವೇ ಯಾದಗಿರಿಯಿಂದ ಹತ್ತಿಕುಣಿಗೆ ಓಡಿಸಿಕೊಂಡು ಬಂದರು, ಎಲ್ಲೂ ನಿಲ್ಲಿಸದೆ. ಬಂದವರೇ ಪ್ಲಗ್ಗು ಬಿಚ್ಚಿ ನನಗೆ ತೋರಿಸಿದರು. ಹುರಿದ ಗೋದಿ. ಒಳಗಿನಿಂದ ಅವ್ವ, ‘ಅವರು ಬಂದ್ರೇನು?’ ಎಂದು ಕೂಗಿದಳು. ಆ ದನಿ ಕೇಳಿ ಎಷ್ಟು ವರ್ಷವಾಗಿತ್ತೋ. ನಾನು ಉತ್ತರ ಕೊಡಲಿಲ್ಲ.

ತಮ್ಮ ಫೋನಿನಲ್ಲಿ ಇನ್ನೂ ಮುನಿಸಿಕೊಂಡೇ ಮಾತಾಡುತ್ತಾನೆ. ‘ಅಕ್ಕಾ, ಎಂಜಿನ್ ಕೆಲಸ ಒಪ್ಪಿದೆ. ಅಷ್ಟು ಚಂದದ ಟ್ಯಾಂಕು ಕೆರೆಸಿದ್ಯಾಕ? ಅಪ್ಪ ಬಿದ್ದ ಗುರುತು ಯಾರಿಗೆ ಬೇಕಾಗಿತ್ತು?’ ಎನ್ನುತ್ತಾನೆ. ಅವನು ಕೊಟ್ಟ ಹಣ ಅವನ ಪ್ರೀತಿ; ಅದನ್ನು ನಾನು ಕೆರೆದು ಹಾಕಿದೆ ಎಂಬ ನೋವು ಅವನಿಗಿದೆ. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಸುಮ್ಮನಿದ್ದೇನೆ. ನಾನು ಬರೆದದ್ದನ್ನೆಲ್ಲ ಅವನು ಓದುತ್ತಾನೆ, ಇದನ್ನೂ ಓದುತ್ತಾನೆ.

ಟ್ಯಾಂಕಿನ ಬಲ ಮಗ್ಗುಲಿಗೆ ಸದ್ಯ ಬೂದು ಪ್ರೈಮರ್ ಹಚ್ಚಿದೆ. ದಸರೆಗೆ ತಮ್ಮ ಬರುತ್ತಾನೆ. ಅಲ್ಲಿಯವರೆಗೆ ಬಣ್ಣ ಹಚ್ಚಬೇಡಿರೆಂದು ಮಿಸ್ತ್ರಿಗೆ ಹೇಳಿದ್ದೇನೆ.